ಮೌನವು ಸಮ್ಮತಿಯಲ್ಲ

ದೀಪಾಂಜಲಿ ನಗರದ ಅಡ್ಡರಸ್ತೆಗಳು ಪಕ್ಕದ ಮೈಸೂರು ರಸ್ತೆಯಂತೆ ವಿಶಾಲವಾದುವಲ್ಲ. ಒಂದು ಬದಿಯಲ್ಲಿ ಸಾಲಾಗಿ ನಿಂತ ಸ್ಕೂಟರುಗಳು, ಇನ್ನೊಂದು ಬದಿಯಲ್ಲಿ ಗೇಟಿನ ಮುಂದಿನ ಇಳಿಜಾರು, ನಡುವೆ ತರಕಾರಿಯ ಗಾಡಿ. ಇವುಗಳ ಮಧ್ಯೆ ಕಾರನ್ನು ಹಿಮ್ಮುಖವಾಗಿ ನಡೆಸಿ ಮನೆಯಂಗಳಕ್ಕೆ ಸೇರಿಸುವುದೆಂದರೆ ಸೂಜಿಯ ಕಣ್ಣಿಗೆ ಹಗ್ಗ ಪೋಣಿಸಿದಂತೆಯೇ ಸರಿ. 2015ರ ನವೆಂಬರಿನಲ್ಲಿ ಮೆಟ್ರೋ ರೈಲು ಬಡಾವಣೆಯ ಹೆಸರನ್ನೇ ಹೊತ್ತ ನಿಲ್ದಾಣಕ್ಕೆ ಬಂದಿತಾದರೂ, ಕಾರು ಬೇಡವೆನ್ನುವ ಸಂಸಾರಗಳು ವಿರಳ.

ಇಂಥ ರಸ್ತೆಯೊಂದರ ಒಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ನಿವೃತ್ತರಾದ ಯಜಮಾನರು, ಕೆಲಸಕ್ಕೆ ಹೋಗುವ ಮಗ, ಸೊಸೆ, ಮೂರು ಚಕ್ರದ ಸೈಕಲ್ಲಿನಿಂದ ಇಳಿಯಲೊಲ್ಲದ ನಾಲ್ಕು ವರ್ಷದ ಮೊಮ್ಮಗ. ನಾಯಂಡಹಳ್ಳಿಯ ನೂಕುನುಗ್ಗಲಿನಲ್ಲಿ ಹಿಂದಿನ ವಾಹನವೊಂದು ತಾಗಿ ಇವರ ಕಾರಿನ ಬಂಪರು ಸೀಳಿತು. ಗ್ಯಾರೇಜಿನಲ್ಲಿ ಮೂರು ದಿನ ಟಿಂಕರಿಂಗ್ ನಡೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದು, ನಾಲ್ಕನೆಯ ದಿನ ಕಾರು ಮದುಮಗನಂತೆ ಥಳಥಳಿಸುತ್ತ ಮನೆಗೆ ಬಂದಿತು. ಎಲ್ಲಿ ಒಡೆದಿತ್ತೆಂದು ಹುಡುಕಿದರೂ ಕಾಣದಷ್ಟು ನಯವಾದ ಕೆಲಸ.

ಮಗನು ರಿವರ್ಸ್ ಗೇರು ಹಾಕಿದನು. ಒಮ್ಮೆ ‘ಬೀ...’ ಎಂದು ದೀರ್ಘವಾಗಿ ಸದ್ದಾಗಿ ನಿಂತಿತು. ಆಮೇಲೆ ಪರಮಶಾಂತಿ. ಹಿಂದೆ ಏನಾದರೂ ಇದ್ದಿದ್ದರೆ ಸೆನ್ಸರು ಕೂಗಿಕೊಳ್ಳುತ್ತಿರಲಿಲ್ಲವೆ ಎಂಬ ಧೈರ್ಯದಿಂದ ಅವನು ಕಾರನ್ನು ಹಿಂದಕ್ಕೆ ಬಿಟ್ಟನು.

“ರೀ! ನಿಲ್ಲಿಸಿ, ನಿಲ್ಲಿಸಿ!” ಎಂದು ಸೊಸೆಯು ಬಾಗಿಲಿನಿಂದ ಕೂಗುವಷ್ಟರಲ್ಲಿ ಟಕ್ಕೆಂದು ಏನೋ ಮುರಿಯಿತು. ಇಳಿದು ನೋಡಿದರೆ ಚಕ್ರದಡಿಯಲ್ಲಿ ಮಗುವಿನ ಸೈಕಲ್ಲು. ಮಗು ನೀರು ಕುಡಿಯಲು ಒಳಗೆ ಹೋಗಿ ಅರ್ಧ ನಿಮಿಷವೂ ಆಗಿರಲಿಲ್ಲ.

ಆ ಸಂಜೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಯಜಮಾನರು ಮೆಲ್ಲನೆ ಕೇಳಿದರು: “ಅಲ್ಲಪ್ಪಾ, ಮೊದಲು ಒಂದು ಸಾರಿ ಉದ್ದಕ್ಕೆ ಕೂಗಿತಲ್ಲ, ಅದು ಏನು?”

“ಏನೋ ಅಪ್ಪಾ, ಹೊಸದಾಗಿ ಕೂಗುತ್ತಿದೆ ಎಂದುಕೊಂಡೆ.”

ಅಲ್ಲಿಯೇ ಇದ್ದಿತು ತಪ್ಪು. ಅನೇಕ ಕಾರುಗಳಲ್ಲಿ ರಿವರ್ಸ್ ಗೇರು ಬಿದ್ದೊಡನೆ ಹೊರಡುವ ಆ ಒಂದು ದೀರ್ಘವಾದ ಸದ್ದು ನಮಸ್ಕಾರವಲ್ಲ. ‘ನನಗೆ ಮೈ ಸರಿಯಿಲ್ಲ, ಇಂದು ಕಾವಲಿಗೆ ಬರಲಾರೆ’ ಎಂಬ ರಜೆಯ ಅರ್ಜಿ. ಅರ್ಜಿಯನ್ನು ಓದದೆ ಕಾವಲುಗಾರನಿದ್ದಾನೆಂದು ನಂಬಿದ್ದು ಮನುಷ್ಯನ ದೋಷ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಹೆಣ್ಣು ಗಂಡಿನ ಸಂಬಂಧ ಕೂಡಿಸುವಲ್ಲಿ ಸಲ್ಲಬಹುದು. ಯಂತ್ರದ ವಿಷಯದಲ್ಲಿ ಸಲ್ಲದು. ಅಲ್ಲಿ ಮೌನಕ್ಕೆ ಎರಡು ಅರ್ಥ. ಹಿಂದೆ ಏನೂ ಇಲ್ಲ ಎಂಬುದು ಒಂದು. ನೋಡುವವರೇ ಇಲ್ಲ ಎಂಬುದು ಇನ್ನೊಂದು.

ಈ ಪುಟ್ಟ ಕಾವಲುಗಾರನ ವಿದ್ಯೆಯೇನೆಂಬುದನ್ನು ಅರಿತರೆ ಅವನ ಕಾಯಿಲೆಯನ್ನು ಹಿಡಿಯುವುದು ಕಠಿನವಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ, ಮರಳಿ ಬರುವ ಸದ್ದಿಗೆ ಕಿವಿಗೊಟ್ಟು ಬೆರಗಾದವರು ನಮ್ಮಲ್ಲಿ ಬಹಳ ಮಂದಿ. ಬಂಪರಿನಲ್ಲಿ ಕುಳಿತ ಬಿಲ್ಲೆಗಳು ಮಾಡುವುದೂ ಅದನ್ನೇ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ. ಈ ಬಿಲ್ಲೆಗಳು ಅದರ ಇಮ್ಮಡಿ, ಅಂದರೆ 40,000ದಿಂದ 50,000ದಷ್ಟು ಕಂಪನಗಳ ಧ್ವನಿಯನ್ನು ಚಿಮ್ಮಿಸಿ, ಅದು ಗೋಡೆಗೋ ಕಂಬಕ್ಕೋ ಬಡಿದು ಹಿಂದಿರುಗುವ ಹೊತ್ತನ್ನು ಎಣಿಸುತ್ತವೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಒಂದು ಮೀಟರು ದೂರದ ಗೋಡೆಗೆ ಹೋಗಿಬರಲು ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟು ಹೊತ್ತು ಸಾಕು.

ಒಂದೇ ಬಿಲ್ಲೆಯು ಬಾಯಿಯೂ ಹೌದು, ಕಿವಿಯೂ ಹೌದು. ಅದರ ಮುಖವು ತೆಳುವಾದ ಅಲ್ಯೂಮಿನಿಯಂ ಪೊರೆ. ಪೊರೆಯ ಹಿಂದೆ ಅಂಟಿಸಿದ ಒಂದು ಪಿಂಗಾಣಿಯ ಬಿಲ್ಲೆ. ವಿದ್ಯುತ್ತನ್ನು ಕೊಟ್ಟರೆ ಈ ಪಿಂಗಾಣಿ ಕಂಪಿಸುತ್ತದೆ, ಕಂಪಿಸಿದರೆ ವಿದ್ಯುತ್ತನ್ನು ಕೊಡುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂಬುದನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸೋದರರು ಕಂಡುಹಿಡಿದರು. ಅದೇ ಗುಣವು ಇಂದು ಮನೆಮನೆಯ ಬಂಪರಿನಲ್ಲಿ ಊಳಿಗ ಮಾಡುತ್ತಿದೆ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರು ಕಡ್ಡಾಯವಾಗಿರುವುದರಿಂದ, ಇದು ಸಿರಿವಂತರ ಸೊಗಸೆಂದು ಇನ್ನು ಹೇಳುವಂತಿಲ್ಲ.

ಮರುದಿನ ಮಗನು ಕಾರನ್ನು ಗ್ಯಾರೇಜಿಗೆ ಒಯ್ದನು. “ಸೆನ್ಸರನ್ನು ನಾವು ಮುಟ್ಟಿಯೇ ಇಲ್ಲ ಸಾರ್” ಎಂದರು ಮೇಸ್ತ್ರಿ. ಮಾತು ಸುಳ್ಳೆಂದು ಹೇಳಲಾಗದು. ನಿಜವೆಂದು ಒಪ್ಪಲೂ ಆಗದು. ಬಂಪರನ್ನು ಬಿಚ್ಚಬೇಕಾದರೆ ಅದರ ಬೆನ್ನ ಹಿಂದಿನ ವೈರಿನ ಕಪ್ಲರನ್ನು ಕಳಚಲೇಬೇಕು, ಬಣ್ಣಕ್ಕೆ ಮುನ್ನ ಬಿಲ್ಲೆಗಳನ್ನು ತೆಗೆಯಲೇಬೇಕು, ಮತ್ತೆ ಕೂಡಿಸಲೇಬೇಕು. ಆದುದರಿಂದ ಬಾಡಿಕೆಲಸದ ಮರುದಿನವೇ ಸೆನ್ಸರು ಸುಮ್ಮನಾದರೆ ಕಾರಿನ ಮೈಯನ್ನೆಲ್ಲ ಶೋಧಿಸುವ ಮೊದಲು, ಆ ಕೆಲಸದಲ್ಲಿ ಕೈ ಆಡಿದ ಜಾಗಗಳನ್ನು ನೋಡುವುದೇ ವಿವೇಕ.

ಯಜಮಾನರು ತಮಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ನೊಬ್ಬರನ್ನು ಮನೆಗೆ ಬರಮಾಡಿಕೊಂಡರು. ಅವರು ಪೆಟ್ಟಿಗೆಯನ್ನು ಬಿಚ್ಚುವುದಕ್ಕೆ ಮೊದಲೇ ಒಂದು ಪ್ರಶ್ನೆ ಹಾಕಿದರು: “ಏನೂ ಕೂಗುವುದಿಲ್ಲವೋ, ಒಮ್ಮೆ ಉದ್ದಕ್ಕೆ ಕೂಗಿ ಸುಮ್ಮನಾಗುತ್ತದೋ, ಇಲ್ಲ ಬಯಲಿನಲ್ಲಿಯೂ ಬಿಡದೆ ಕೂಗುತ್ತದೋ?” ಈ ಮೂರೂ ಮೂರು ಬೇರೆ ಕಾಯಿಲೆಗಳು. ಸದ್ದೇ ಇಲ್ಲದಿದ್ದರೆ ವಿದ್ಯುತ್ತೇ ಬರುತ್ತಿಲ್ಲವೆಂಬ ಸಂಶಯ. ಫ್ಯೂಸನ್ನೂ ರಿವರ್ಸ್ ದೀಪವನ್ನೂ ನೋಡಬೇಕು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸೆನ್ಸರುಗಳು ಬಹುಮಟ್ಟಿಗೆ ಆ ದೀಪದ ವೈರಿನಿಂದಲೇ ವಿದ್ಯುತ್ತನ್ನು ಪಡೆಯುವುವಾದ್ದರಿಂದ, ದೀಪದ ಕಪ್ಲರು ಸಡಿಲವಾದರೆ ಎರಡೂ ಒಟ್ಟಿಗೆ ಮಲಗುತ್ತವೆ. ಒಮ್ಮೆ ಕೂಗಿ ಸುಮ್ಮನಾದರೆ ಒಂದು ಬಿಲ್ಲೆಯೋ ಅದರ ವೈರೋ ಕೆಟ್ಟಿದೆ. ಅನೇಕ ಕಾರುಗಳಲ್ಲಿ ಒಂದು ಕೈಕೊಟ್ಟರೆ ಉಳಿದವೂ ಕೆಲಸ ನಿಲ್ಲಿಸುತ್ತವೆ. ಬಿಡದೆ ಕೂಗಿದರೆ ಬಿಲ್ಲೆಗಳು ಜೀವಂತವಾಗಿವೆ, ಆದರೆ ಇಲ್ಲದುದನ್ನು ಕಾಣುತ್ತಿವೆ.

ಇಂಜಿನನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಇಗ್ನಿಷನ್ ಮಾತ್ರ ತಿರುಗಿಸಿ ರಿವರ್ಸ್ ಗೇರು ಹಾಕಿಸಿದರು. ಇಂಜಿನು ನಡೆಯುತ್ತಿರುವಾಗ ಹಿಂದೆ ಯಾರೂ ಬಗ್ಗಕೂಡದೆಂಬುದು ಅವರ ಮೊದಲ ನಿಯಮ. ಬಳಿಕ ಒಂದೊಂದು ಬಿಲ್ಲೆಯ ಬಳಿಯೂ ಕಿವಿಯಿಟ್ಟು, ಬೆರಳ ತುದಿಯಿಂದ ಮುಟ್ಟಿ ನೋಡಿದರು. ಧ್ವನಿಯು ಕೇಳಿಸದ್ದಾದರೂ, ಪ್ರತಿಸಲ ಅದು ಹೊರಡುವಾಗ ಗಡಿಯಾರದ ಟಿಕ್‌ಟಿಕ್‌ನಂತೆ ಒಂದು ಸಣ್ಣ ಸಪ್ಪಳ ತಿಳಿಯಬರುತ್ತದೆ. ಮೂರು ಬಿಲ್ಲೆಗಳು ಟಿಕ್‌ಟಿಕ್ ಎಂದವು. ಎಡದಿಂದ ಎರಡನೆಯದು ಮಾತ್ರ ಮೂಕ.

“ಹಾಗಾದರೆ ಹೊಸ ಬಿಲ್ಲೆ ತರಿಸಿಬಿಡೋಣವೆ?” ಎಂದನು ಮಗ.

“ಅವಸರ ಬೇಡಿ ಸಾರ್. ಕಾಯಿಲೆ ಬಿಲ್ಲೆಯದೋ ಅದರ ಜಾಗದ್ದೋ ನೋಡೋಣ.”

ಅವರು ಮೂಕನನ್ನು ಬಿಚ್ಚಿ, ಅದೇ ಬಗೆಯ ಪಕ್ಕದ ಬಿಲ್ಲೆಯೊಡನೆ ಸ್ಥಳ ಬದಲಾಯಿಸಿದರು. ಮೂಕನು ಹೊಸ ಜಾಗದಲ್ಲಿ ಮಾತನಾಡಿದನು. ಮಾತನಾಡುತ್ತಿದ್ದವನು ಹಳೆಯ ಜಾಗದಲ್ಲಿ ಮೂಕನಾದನು. ಬಿಲ್ಲೆಯಲ್ಲಿ ದೋಷವಿದ್ದಿದ್ದರೆ ಮೌನವು ಅದರೊಡನೆಯೇ ಹೋಗಬೇಕಾಗಿತ್ತು. ಜಾಗದಲ್ಲಿಯೇ ಉಳಿದುದರಿಂದ ಕೆಟ್ಟದ್ದು ವೈರು ಅಥವಾ ಕಪ್ಲರು. ಐದು ನಿಮಿಷದ ಈ ಪರೀಕ್ಷೆಯಿಂದ ಹೊಸ ಬಿಲ್ಲೆಯ ಬೆಲೆ ಉಳಿಯಿತು. ಕಪ್ಲರನ್ನು ಕಳಚಿ ನೋಡಿದರೆ ಒಳಗಿನ ಪಿನ್ನೊಂದು ಬಾಗಿ ಮಲಗಿದ್ದಿತು. ಅದನ್ನು ನೆಟ್ಟಗೆ ಮಾಡಿ, ‘ಕ್ಲಿಕ್’ ಎಂದು ಬೀಗ ಬೀಳುವವರೆಗೆ ಒತ್ತಿದರು. ನೀರು ಸೇರಿ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುವುದೂ, ವೈರು ಬಂಪರಿನ ಅಂಚಿಗೆ ಸಿಕ್ಕಿ ಅರೆದಿರುವುದೂ ಇಂಥ ಸಂದರ್ಭಗಳಲ್ಲಿ ಸಾಮಾನ್ಯ. ಕೆಲವು ಕಾರುಗಳಲ್ಲಿ ದೋಷವನ್ನು ಸರಿಪಡಿಸಿದ ಮೇಲೆಯೂ ಯಂತ್ರದ ನೆನಪಿನಲ್ಲಿ ಉಳಿದ ದೋಷದ ಸಂಖ್ಯೆಯನ್ನು ಸ್ಕ್ಯಾನರಿನಿಂದ ಅಳಿಸಬೇಕಾಗುತ್ತದೆ.

ನಾಲ್ಕೂ ಬಿಲ್ಲೆಗಳು ಮಾತನಾಡತೊಡಗಿದವು. ಆದರೆ ಹಿಂದೆ ಖಾಲಿ ರಸ್ತೆಯಿದ್ದರೂ ಕೂಗು ನಿಲ್ಲಲೊಲ್ಲದು. ಮೌನ ಹೋಗಿ ಹುಚ್ಚು ಮಾತು ಬಂದಂತಾಯಿತು. ಬಲತುದಿಯ ಬಿಲ್ಲೆಯ ಮುಖವನ್ನು ಬೆಳಕಿಗೆ ಹಿಡಿದು ನೋಡಿದಾಗ ಕಾರಣ ಸಿಕ್ಕಿತು. ಉಳಿದವುಗಳ ಮೇಲೆ ತೆಳುವಾಗಿದ್ದ ಬಣ್ಣವು ಇದರ ಮೇಲೆ ಪದರಪದರವಾಗಿ ದಪ್ಪಗೆ ಕುಳಿತಿದ್ದಿತು. ಸುತ್ತಲಿನ ರಬ್ಬರ್ ಬಳೆಯೂ ಬಣ್ಣದಿಂದ ಬಿಗಿದುಹೋಗಿತ್ತು.

ಬಣ್ಣದಿಂದೇನು ಕೆಡುಕು ಎಂದು ಮಗನಿಗೆ ಆಶ್ಚರ್ಯ. ಸಂಗೀತ ಬಲ್ಲ ಯಜಮಾನರಿಗೆ ಮಾತ್ರ ಅದು ಕೂಡಲೇ ಹೊಳೆಯಿತು. ಮೃದಂಗದ ಬಲಮುಖದಲ್ಲಿ ಕರಿಯ ಕರಣೆಯನ್ನು ಹಚ್ಚುವುದು ಅಲಂಕಾರಕ್ಕಲ್ಲ. ಚರ್ಮದ ಮೇಲಿನ ಆ ಭಾರವೇ ನಾದವನ್ನು ತಿದ್ದುತ್ತದೆ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದ ಸರ್ ಸಿ. ವಿ. ರಾಮನ್ನರು ನಮ್ಮ ಮೃದಂಗ ತಬಲಗಳ ನಾದದ ಮೇಲೆ ಪ್ರಬಂಧಗಳನ್ನು ಪ್ರಕಟಿಸಿ, ಈ ಭಾರದಿಂದಲೇ ಅವುಗಳಿಗೆ ಸುಸ್ವರ ಬರುವುದೆಂಬುದನ್ನು ತೋರಿಸಿದ್ದಾರೆ. ಸೆನ್ಸರಿನ ಪೊರೆಯೂ ಒಂದು ಪುಟ್ಟ ಮೃದಂಗ. ಅದಕ್ಕೆ ಬೇಕಾದ ಶ್ರುತಿಯನ್ನು ಕಾರ್ಖಾನೆಯಲ್ಲಿಯೇ ಕೂಡಿಸಿರುತ್ತಾರೆ. ಅದರ ಮೇಲೆ ದಪ್ಪನಾಗಿ ಬಣ್ಣ ಬಿದ್ದರೆ ಶ್ರುತಿ ಕೆಡುತ್ತದೆ. ರಬ್ಬರ್ ಬಳೆಯು ಬಿಗಿದರೆ ಕಂಪನವು ಬಂಪರಿಗೆ ಹರಿದು, ಬಿಲ್ಲೆಯು ತನ್ನ ನಡುಕವನ್ನೇ ಪ್ರತಿಧ್ವನಿಯೆಂದು ಭ್ರಮಿಸುತ್ತದೆ. ಪುಟ್ಟಿಯಂತೂ ಅದರ ಮೇಲೆ ಬೀಳಲೇಕೂಡದು. ಕೆರೆದು ತೆಗೆಯಹೋದರೆ ತೆಳುವಾದ ಪೊರೆಗೆ ಪೆಟ್ಟಾಗುವುದರಿಂದ, ಈ ಒಂದು ಬಿಲ್ಲೆಯನ್ನು ಹಾಗೂ ಅದರ ಬಳೆಯನ್ನು ಬದಲಾಯಿಸಬೇಕೆಂದು ಎಲೆಕ್ಟ್ರಿಷಿಯನ್ನರು ತೀರ್ಪು ಕೊಟ್ಟರು.

ಬಣ್ಣದಲ್ಲಿ ತಪ್ಪಿಲ್ಲದೆ, ಕೂಡಿಸುವುದರಲ್ಲಿ ತಪ್ಪಿದ್ದರೂ ಇದೇ ಕೂಗು ಬರುವುದುಂಟು. ಬಿಲ್ಲೆಯು ತಲೆಕೆಳಗಾಗಿ ಕುಳಿತರೆ, ಬಂಪರಿನ ಕೊಂಡಿಗಳು ಸರಿಯಾಗಿ ಕೂಡದೆ ಅದು ಕೆಳಗೆ ವಾಲಿದರೆ, ಧ್ವನಿಯು ನೆಲಕ್ಕೆ ಬಡಿದು ಮರಳುತ್ತದೆ. ಯಂತ್ರಕ್ಕೆ ನೆಲವೇ ಗೋಡೆಯಾಗಿ ಕಾಣುತ್ತದೆ. ಬಿಲ್ಲೆಯ ಮುಖವು ಬಳೆಯೊಳಗೆ ಮಟ್ಟವಾಗಿ, ಗುರುತಿನ ಬಾಣವು ಮೇಲ್ಮುಖವಾಗಿ ಇರಬೇಕು.

ಗ್ಯಾರೇಜಿನವರೊಡನೆ ಮಾತು ಬೆಳೆಯದಂತೆ ನೋಡಿಕೊಳ್ಳುವ ಹಾದಿಯೂ ಇದೆ. ಕಾರನ್ನು ಕೊಡುವಾಗಲೇ ಸೆನ್ಸರುಗಳು ಕೆಲಸ ಮಾಡುತ್ತಿದ್ದುವೆಂಬುದನ್ನು ತೋರಿಸಿ, ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಬಿಲ್ಲೆಗಳನ್ನು ತೆಗೆದು, ಬಣ್ಣ ಬೇಕಿದ್ದರೆ ಅವುಗಳಿಗೆ ಬೇರೆಯಾಗಿ ತೆಳುವಾಗಿ ಹೊಡೆಯಬೇಕೆಂದು ಮೊದಲೇ ಹೇಳಬೇಕು. ವಿಮೆಯ ಮೂಲಕ ಕೆಲಸ ಮಾಡಿಸುವವರು ಬಣ್ಣದ ಹೊಳಪನ್ನು ಕಂಡು ಸಹಿ ಹಾಕದೆ, ಪರೀಕ್ಷೆ ಮುಗಿದ ಮೇಲೆಯೇ ಕಾರನ್ನು ಒಪ್ಪಿಕೊಳ್ಳುವುದು ಒಳಿತು.

ಆ ಪರೀಕ್ಷೆಯು ಬಹು ಸುಲಭ. ಹೊಸ ಬಿಲ್ಲೆ ಬಂದ ಭಾನುವಾರ ಆ ಮನೆಯಲ್ಲಿ ಅದು ನಡೆಯಿತು. ಇಂಜಿನು ನಿಂತ ಕಾರಿನ ಹಿಂದೆ ಯಜಮಾನರು ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡು ಮೀಟರು ದೂರದಲ್ಲಿಟ್ಟು ಕೋಲಿನಿಂದ ಮೆಲ್ಲಮೆಲ್ಲನೆ ಹತ್ತಿರಕ್ಕೆ ತಳ್ಳಿದರು. ಒಂದೂವರೆ ಮೀಟರಿನ ಸುಮಾರಿಗೆ ಕೂಗು ಮೊದಲಾಯಿತು, ಬರಬರುತ್ತ ಬಿರುಸಾಯಿತು, ಮೊಳದಷ್ಟು ಹತ್ತಿರ ಬರುವುದರೊಳಗೆ ಒಂದೇ ಸಮನಾಯಿತು. ನಾಲ್ಕು ಬಿಲ್ಲೆಗಳ ಮುಂದೆಯೂ ಹೀಗೆಯೇ ನೋಡಿದರು.

ಕೊನೆಗೆ ಸೊಸೆಯು ಮುರಿದ ಸೈಕಲ್ಲನ್ನು ತಂದು ಬಂಪರಿನ ಕೆಳಗೆ ಮಲಗಿಸಿಟ್ಟಳು. ಸೆನ್ಸರು ತುಟಿ ಬಿಚ್ಚಲಿಲ್ಲ.

“ಇದೇನು, ಮತ್ತೆ ಕೆಟ್ಟಿತೆ?” ಎಂದನು ಮಗ.

ಕೆಟ್ಟಿರಲಿಲ್ಲ. ಬಂಪರಿಗಿಂತ ತಗ್ಗಾದುದು, ತೆಳುವಾದ ಸರಳು, ಧ್ವನಿಯನ್ನು ಹೀರಿಕೊಳ್ಳುವ ಮೆತ್ತನೆಯ ಬಟ್ಟೆ, ಇವು ಆರೋಗ್ಯವಂತ ಸೆನ್ಸರಿನ ಕಣ್ಣಿಗೂ ತಪ್ಪಬಲ್ಲುವು. ಕುಳಿತು ಆಡುವ ಮಗುವೂ ತಪ್ಪಬಹುದು.

ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ನಿಂತಿತು. ಕಾರು ಹಿಂದಕ್ಕೆ ಹೊರಡುವ ಮುನ್ನ ಯಜಮಾನರು ಹೊರಗೆ ಬಂದು ಕಾರನ್ನು ಒಂದು ಸುತ್ತು ಸುತ್ತಿ, ಮೊಮ್ಮಗನ ಕೈ ಹಿಡಿದು ಗೇಟಿನ ಒಳಗೆ ನಿಲ್ಲುತ್ತಾರೆ. ಸೆನ್ಸರು ತನ್ನ ಕೆಲಸವನ್ನು ಚೊಕ್ಕಟವಾಗಿ ಮಾಡುತ್ತಿದೆ. ಅವರು ಮಾತ್ರ ಅದು ಕೂಗಲಿ ಕೂಗದಿರಲಿ, ಕಾರು ನಿಲ್ಲುವವರೆಗೂ ಮಗುವಿನ ಕೈ ಬಿಡುವುದಿಲ್ಲ.