ಅಧಿಕಾರ ಬೆಂಗಳೂರಲ್ಲಿ, ಮುತ್ತಿಗೆ ಆರ್‌ಎಫ್‌ಒಗೆ

ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಭಾಗದ ಕಾಫಿ ತೋಟದಲ್ಲಿ ಕಾಡಾನೆ ಯಾರನ್ನಾದರೂ ತುಳಿದು ಕೊಂದರೆ ಮುಂದೇನಾಗುತ್ತದೆ ಎಂಬುದು ಇಲ್ಲಿನವರಿಗೆಲ್ಲ ಬಾಯಿಪಾಠ. ಶವವಿಟ್ಟು ರಸ್ತೆತಡೆ. ವಲಯ ಅರಣ್ಯಾಧಿಕಾರಿಯ (ಆರ್‌ಎಫ್‌ಒ) ಜೀಪಿಗೆ ಮುತ್ತಿಗೆ. ‘ಆರ್‌ಎಫ್‌ಒನ ಸಸ್ಪೆಂಡ್ ಮಾಡಿ’ ಎಂಬ ಕೂಗು. ಆಮೇಲೆ ಜನಪ್ರತಿನಿಧಿ ಬಂದು ಅದೇ ಅಧಿಕಾರಿಯನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾರೆ, ಸಂಜೆಯೊಳಗೆ ವಿಡಿಯೊ ಊರೆಲ್ಲ ಹರಿದಾಡುತ್ತದೆ. ಸತ್ತವರ ಮನೆಯವರ ಸಿಟ್ಟು ನ್ಯಾಯದ್ದೇ. ಆ ಸಿಟ್ಟನ್ನು ತಪ್ಪು ಬಾಗಿಲಿಗೆ ಅಟ್ಟುತ್ತಿರುವವರ ಮೇಲೆ ನನ್ನ ತಕರಾರು.

ಆನೆ ಹಿಡಿಯುವ ಅಧಿಕಾರ ಯಾರದು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ ಮೊದಲ ಅನುಸೂಚಿಯ ಪ್ರಾಣಿ. ಅದು ಮನುಷ್ಯರ ಜೀವಕ್ಕೆ ಅಪಾಯ ಎಂದು ಮನವರಿಕೆಯಾದರೆ, ಕಾರಣ ಬರೆದು ಅನುಮತಿ ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಅವರು ತಮ್ಮ ಬೇರೆ ಅಧಿಕಾರಗಳನ್ನು ಕೆಳಗಿನವರಿಗೆ ವಹಿಸಬಹುದು. ಇದೊಂದನ್ನು ಮಾತ್ರ ವಹಿಸುವಂತಿಲ್ಲ ಎಂದು ಅದೇ ಕಾಯ್ದೆಯ 5ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಅಂದಮೇಲೆ ‘ನಾಳೆನೇ ಹಿಡೀರಿ’ ಎಂದು ಯಸಳೂರಿನಲ್ಲೋ ಆಲೂರಿನಲ್ಲೋ ಆರ್‌ಎಫ್‌ಒ ಎದುರು ನಿಂತು ಕೂಗಿದರೆ, ಅವರಿಂದಾಗುವುದು ವರದಿ ಬರೆಯುವುದಷ್ಟೇ. ಅದು ಎಸಿಎಫ್, ಡಿಸಿಎಫ್, ಸಿಸಿಎಫ್ ಎಂಬ ಮೇಲಧಿಕಾರಿಗಳ ಮೇಜುಗಳನ್ನು ದಾಟಿ ಬೆಂಗಳೂರಿನ ಅರಣ್ಯ ಭವನ ಮುಟ್ಟಬೇಕು. ಹಿಡಿಯಲು ಬೇಕಾದ ಸಾಕಾನೆಗಳು ಬರುವುದೂ ಬೇರೆ ಜಿಲ್ಲೆಯ ಶಿಬಿರಗಳಿಂದ.

ಆರ್‌ಎಫ್‌ಒ ಕೈಕೆಳಗೆ ಇರುವವರಾದರೂ ಯಾರು? ಬೆರಳೆಣಿಕೆಯ ಗಾರ್ಡ್‌ಗಳು, ಆನೆ ಕಾರ್ಯಪಡೆಯ ದಿನಗೂಲಿ, ಹೊರಗುತ್ತಿಗೆಯ ಹುಡುಗರು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ‘ಭೀಮ’ ಎಂಬ ಕಾಡಾನೆಗೆ ಅರಿವಳಿಕೆ ಚುಚ್ಚಲು ಹೋಗಿ ಅರಣ್ಯ ಇಲಾಖೆಯ ‘ಆನೆ ವೆಂಕಟೇಶ್’ ಪ್ರಾಣ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ವಲಯದ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಾಕಾನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ದಸರಾ ಅಂಬಾರಿ ಹೊತ್ತವನು, ವಯಸ್ಸು 60 ದಾಟಿತೆಂದು ಆ ಭಾರದಿಂದ ಬಿಡುಗಡೆ ಪಡೆದವನು. ಅಂಬಾರಿಗೆ ವಯಸ್ಸಾಯಿತು ಎನಿಸಿದ ಆನೆ ಕಾಡಿನ ಸಲಗದ ಎದುರು ನಿಲ್ಲಲು ಹೇಗೆ ಸೈ ಎನಿಸಿತು? ಕಾರ್ಯಾಚರಣೆಗೆ ಸಾಕಾನೆಗಳ ಪಟ್ಟಿ ಮಾಡಿದವರನ್ನು ಕೇಳಬೇಕಾದ ಈ ಪ್ರಶ್ನೆಯನ್ನು ಜನ ಸ್ಥಳದಲ್ಲಿದ್ದ ಸಿಬ್ಬಂದಿಯ ಮುಖಕ್ಕೆ ಎಸೆದರು. ಸ್ಥಳದಲ್ಲಿ ಸಿಕ್ಕವರು ಅವರೇ ತಾನೆ!

ತೋಟದೊಳಗೂ ಹೀಗೆ ಕೈಗೆ ಸಿಗುವವನು ಒಬ್ಬನಿದ್ದಾನೆ: ಆಳುಗಳ ಉಸ್ತುವಾರಿ ನೋಡುವ ರೈಟರ್. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಆನೆ ತೋಟದ ಬ್ಲಾಕಿನಲ್ಲಿದೆ ಎಂದು ಮೆಸೇಜ್ ಬಂದರೆ ಆಳುಗಳನ್ನು ಒಳಗೆ ಬಿಡುವಂತಿಲ್ಲ. ಬಿಡದಿದ್ದರೆ ಬೆಂಗಳೂರಿನಿಂದ ಸಾಹುಕಾರರ ಫೋನು, ‘ಹಣ್ಣು ಉದುರ್ತಿದೆ, ಏನ್ಮಾಡ್ತಿದ್ದೀಯ?’ ಬಿಟ್ಟು ಅನಾಹುತವಾದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವವನು ಅವನೇ. ದುರಂತ ನಡೆದ ಜಾಗದಲ್ಲಿ ರೈಟರ್ ಮತ್ತು ಉಪ ವಲಯ ಅರಣ್ಯಾಧಿಕಾರಿ ಒಬ್ಬರನ್ನೊಬ್ಬರು ದೂರುತ್ತಾ ನಿಲ್ಲುವುದನ್ನು ಊಹಿಸಿಕೊಳ್ಳಿ. ಇಬ್ಬರ ಯಜಮಾನರೂ ಅಲ್ಲಿರುವುದಿಲ್ಲ.

ಆರ್‌ಎಫ್‌ಒಗಳೆಲ್ಲ ಸಾಚಾ ಎಂದು ಯಾರೂ ಹೇಳಬೇಕಿಲ್ಲ. ರಾತ್ರಿ ಫೋನ್ ಎತ್ತದವರಿದ್ದಾರೆ, ಬೆಳೆ ಪರಿಹಾರದ ಅರ್ಜಿಯನ್ನು ತಿಂಗಳುಗಟ್ಟಲೆ ಕೊಳೆಸುವವರಿದ್ದಾರೆ. ಅವರ ಕೈಯಲ್ಲೇ ಇದ್ದ ಕೆಲಸ ಕೆಟ್ಟರೆ ನೋಟಿಸ್ ಕೊಡಿ, ಸಸ್ಪೆಂಡನ್ನೂ ಮಾಡಿ. ಆದರೆ ಹೈಕೋರ್ಟ್ ನೇಮಿಸಿದ್ದ ತಜ್ಞರ ಆನೆ ಕಾರ್ಯಪಡೆ (ಮೇಲೆ ಹೇಳಿದ ದಿನಗೂಲಿಯವರ ಪಡೆಯಲ್ಲ) ಈ ಪ್ರದೇಶದಿಂದ ಆನೆಗಳನ್ನು ತೆರವು ಮಾಡಬೇಕೆಂದು 2012ರಲ್ಲೇ ಹೇಳಿತ್ತು. ಹಿಡಿದು ಸಾಗಿಸಿದ್ದೂ ಆಯಿತು, ಮತ್ತೆ ಆನೆಗಳು ಬಂದದ್ದೂ ಆಯಿತು. ಅಷ್ಟು ದೊಡ್ಡ ಗಂಟು ಒಬ್ಬ ವಲಯಾಧಿಕಾರಿಯ ಅಮಾನತಿನಿಂದ ಬಿಚ್ಚಿಕೊಳ್ಳುತ್ತದೆಯೇ? ಅಮಾನತು ಅಗ್ಗ. ಆನೆ ತಡೆಯುವ ಬೇಲಿಗೆ ದುಡ್ಡು ಬೇಕು, ಕಾರ್ಯಪಡೆಯ ದಿನಗೂಲಿ ಹುಡುಗರ ನೌಕರಿ ಕಾಯಂ ಮಾಡಲೂ ದುಡ್ಡು ಬೇಕು.

ಕಾಯ್ದೆಯ ಪ್ರಕಾರ ಅಧಿಕಾರ ಕೆಳಗಿಳಿಯದು ಎಂದಾದರೆ, ಅದನ್ನು ಹೊತ್ತವರು ಸ್ಥಳಕ್ಕೆ ಇಳಿಯಲಿ. ಸಾವಾದ ಮರುದಿನ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರ ನೇರ ಪ್ರತಿನಿಧಿಯೋ ಜನರೆದುರು ಕೂರಲಿ. ಡಿಸಿಎಫ್ ವರದಿ ತಲುಪಿದ ವಾರದೊಳಗೆ ‘ಹಿಡಿಯುತ್ತೇವೆ’ ಅಥವಾ ‘ಹಿಡಿಯುವುದಿಲ್ಲ, ಕಾರಣ ಇಂಥದ್ದು’ ಎಂದು ಬರೆದು ಗ್ರಾಮ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ. ರಸ್ತೆತಡೆಗೆ ಕೂರುವವರೂ ಬೇಡಿಕೆ ಬದಲಿಸಲಿ. ಈ ಆನೆಯ ಬಗ್ಗೆ ವಲಯ ಕಚೇರಿಯಿಂದ ವರದಿ ಹೋದ ದಿನಾಂಕ ಯಾವುದು, ಅದು ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂದು ಕೇಳಲಿ. ಹಣೆಗೆ ಬೆವರು ಆಗ ಬೇರೆಯವರಿಗೆ ಬರುತ್ತದೆ.