ನಕಲಿಸಿದ ಕಡತ ಎಲ್ಲಿ ಉಳಿಯಿತು?

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಗಣಕಯಂತ್ರವನ್ನು ಕಲಿಯುವುದು ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ. ಪ್ರಾಜೆಕ್ಟಿನ ಕಡತವನ್ನು ಪೆನ್‌ಡ್ರೈವಿಗೆ ನಕಲಿಸಿದ ವಿದ್ಯಾರ್ಥಿನಿ, ಪರದೆಯಲ್ಲಿ ಕೆಲಸ ಮುಗಿದಂತೆ ಕಂಡೊಡನೆ ಅದನ್ನು ಕಿತ್ತು ಚೀಲಕ್ಕೆ ಹಾಕುತ್ತಾಳೆ. ಮನೆಯಲ್ಲಿ ತೆರೆದರೆ ಕಡತ ಬರಿದು. ಅವಳನ್ನು ಗದರುವ ಮುನ್ನ ಯಂತ್ರದೊಳಗೆ ನಡೆದುದನ್ನು ಹಿರಿಯರು ತಿಳಿಯುವುದು ಒಳಿತು.

ಬರೆಯೆಂಬ ಆಜ್ಞೆ ಬಂದಾಗ ಲಿನಕ್ಸ್ ಆ ದತ್ತಾಂಶವನ್ನು ಮೊದಲು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿರಿಸಿಕೊಂಡು ‘ಆಯಿತು’ ಎಂದುಬಿಡುತ್ತದೆ. ಅಲ್ಲಿ ಅದು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿರುತ್ತದೆ. ಡಿಸ್ಕನ್ನು ಇನ್ನೂ ಸೇರದ ಪುಟಕ್ಕೆ ತಂತ್ರಜ್ಞರು ಇಟ್ಟ ಹೆಸರು ‘ಕೊಳೆ ಪುಟ’. ಹೊಸ ಬರಹವಿರುವುದೇ ಅದರಲ್ಲಿ. ಹೆಸರು ಮಾತ್ರ ಅನ್ಯಾಯದ್ದು!

ಈ ವಿಳಂಬ ಸೋಮಾರಿತನವಲ್ಲ. ನಿಮಿಷಕ್ಕೆ 7200 ಬಾರಿ ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಸ್ಮೃತಿಯ ವೇಗದೆದುರು ಅದೊಂದು ಯುಗ. ಅಂಚೆಯಣ್ಣ ಒಂದೊಂದು ಕಾಗದಕ್ಕೂ ಬೇರೆಬೇರೆಯಾಗಿ ಹೊರಡುವುದಿಲ್ಲ. ದಾರಿಯ ಕ್ರಮಕ್ಕೆ ಜೋಡಿಸಿ ಒಂದೇ ಸುತ್ತಿನಲ್ಲಿ ಹಂಚುತ್ತಾನೆ. ಅಂತೆಯೇ ಅಕ್ಕಪಕ್ಕದ ಪುಟಗಳು ಒಟ್ಟುಗೂಡಿ ಡಿಸ್ಕಿಗೆ ಹೋಗುತ್ತವೆ. ಒಂದೇ ಪುಟ ಸ್ವಲ್ಪ ಹೊತ್ತಿನಲ್ಲಿ ಹತ್ತು ಬಾರಿ ಬದಲಾದರೂ ಕೊನೆಯ ರೂಪವನ್ನಷ್ಟೇ ಬರೆದರೆ ಸಾಕಾಗುತ್ತದೆ.

ಲಿನಕ್ಸಿನ ಮೂಲ ಹೊಂದಾಣಿಕೆಯಂತೆ, ಹಿನ್ನೆಲೆಯ ಕೆಲಸಗಾರನು 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡು ಮೀರಿ ಹಳತಾದ ಪುಟಗಳನ್ನು ಸಾಗಿಸುತ್ತಾನೆ. ಲಭ್ಯ ಸ್ಮೃತಿಯ ಶೇಕಡಾ 10ನ್ನು ಕೊಳೆ ಪುಟಗಳು ಮೀರಿದರೆ ಅಷ್ಟು ಹೊತ್ತು ಕಾಯುವುದಿಲ್ಲ; ಶೇಕಡಾ 20 ಮುಟ್ಟಿದರೆ ಬರೆಯುತ್ತಿರುವ ತಂತ್ರಾಂಶವನ್ನೇ ತಡೆದು ನಿಲ್ಲಿಸಲಾಗುತ್ತದೆ. ವಾರ್ಷಿಕೋತ್ಸವದ ದೊಡ್ಡ ವಿಡಿಯೊ ನಕಲಾಗುವಾಗ ಮೊದಲು ಓಡಿ, ಅನಂತರ ತೆವಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಆಟಿಯ ಮಳೆಗೆ ವಿದ್ಯುತ್ ಹೋದರೆ, ಬ್ಯಾಟರಿಯಿಲ್ಲದ ಯಂತ್ರದ ರ‍್ಯಾಮ್‌ನಲ್ಲಿ ಉಳಿದುದೆಲ್ಲ ಅಳಿಯುತ್ತದೆ. ಈ ಅಪಾಯವನ್ನರಿತೇ, ಲೆಕ್ಕಪತ್ರಗಳನ್ನು ಕಾಯುವ ದತ್ತಸಂಚಯ ತಂತ್ರಾಂಶಗಳು ‘ಎಫ್‌ಸಿಂಕ್’ ಎಂಬ ಕರೆಯ ಮೂಲಕ ‘ಈಗಲೇ ಡಿಸ್ಕಿಗೆ ಸೇರಿಸು’ ಎಂದು ವ್ಯವಸ್ಥೆಗೆ ಆಗ್ರಹಿಸಿ, ಉತ್ತರ ಬರುವವರೆಗೆ ಕಾಯುತ್ತವೆ. ಪದೇ ಪದೇ ಹಾಗೆ ಮಾಡಿದರೆ ವೇಗ ಕುಗ್ಗುವುದು ನಿಶ್ಚಯ.

ವಿದ್ಯಾರ್ಥಿನಿಯ ಪಾಲಿಗೆ ಇದೇ ಕೆಲಸವನ್ನು ಮಾಡಿಸುವುದು, ಕಡತಗಳ ಕಿಟಕಿಯಲ್ಲಿ ಪೆನ್‌ಡ್ರೈವಿನ ಹೆಸರಿನ ಪಕ್ಕದಲ್ಲಿರುವ ಸಣ್ಣ ಬಾಣದ ಗುರುತು. ಅದನ್ನೊತ್ತಿದಾಗ ಉಳಿದ ಪುಟಗಳೆಲ್ಲ ಹೊರಡುತ್ತವೆ. ‘ಇನ್ನೂ ತೆಗೆಯಬೇಡಿ’ ಎಂಬ ಸೂಚನೆ ಕಂಡರೆ, ಅವಳ ಪ್ರಾಜೆಕ್ಟು ಆಗಷ್ಟೇ ಪೆನ್‌ಡ್ರೈವನ್ನು ಸೇರುತ್ತಿದೆ.