ಉತ್ತರ ಬಾರದ ಪ್ರಾರ್ಥನೆ



ನನ್ನ ಪತ್ನಿ ತೀರಿಕೊಂಡಾಗ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದ: “ಸಾರ್, ಇಷ್ಟೊಂದು ಪ್ರಾರ್ಥಿಸಿದಿರಿ, ದೇವರು ಕೇಳಲಿಲ್ಲವಲ್ಲ?” ಅಂದು ಮೌನವಾಗಿದ್ದೆ. ಇಂದು ಉತ್ತರಿಸುತ್ತೇನೆ.

ವಿಶ್ವಾಸಿಗೆ ಕಷ್ಟದಿಂದ ವಿನಾಯಿತಿಯುಂಟೆಂದು ಬೋಧಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಯೋಬನಿಗೂ ತನ್ನ ಸಂಕಟದ ಕಾರಣ ತಿಳಿಯಲಿಲ್ಲ. ದೇವರು ಅವನೊಡನೆ ಮಾತನಾಡಿದನು, ಅಷ್ಟೇ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟ್ಟೆಲರು ಪತ್ನಿಯನ್ನು ಕಳೆದುಕೊಂಡರು. ಕಣ್ಣಿನ ಬಾಧೆಯನ್ನೂ ಅನುಭವಿಸಿದರು. ಆದರೂ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು.

ಉತ್ತರ ಬಾರದ ರಾತ್ರಿಯ ಮರುದಿನವೂ ಕರ್ತವ್ಯಕ್ಕೆ ಕೂರುವ ಬಲವನ್ನೇ ನಾನು ವಿಶ್ವಾಸವೆನ್ನುತ್ತೇನೆ. ಈಗ ಸಂಜೆ ನೆರೆಮನೆಯ ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ದುಃಖ ನೀಗಿಲ್ಲ, ಆದರೆ ಪ್ರಾರ್ಥನೆ ನಿಂತಿಲ್ಲ.

ದೇವರು ನಿಮ್ಮೆಲ್ಲರನ್ನೂ ಹರಸಲಿ.